ಹಾಸ್ಯಗಾರ (ಯಕ್ಷಗಾನ)

ಹಾಸ್ಯಗಾರ ಎಂಬುದು ಯಕ್ಷಗಾನ ಬಯಲಾಟದಲ್ಲಿ ನಗೆಯ ಪಾತ್ರಗಳನ್ನು ನಿರ್ವಹಿಸುವ ಕಲಾವಿದನಿಗೆ ಇರುವ ಹೆಸರು. ಮೇಳದ ಮುಮ್ಮೇಳದಲ್ಲಿ ಪುರುಷವೇಷ, ಸ್ತ್ರೀವೇಷ, ಬಣ್ಣದ ವೇಷಗಳಂತೆ ಹಾಸ್ಯವೂ ಒಂದು ಪ್ರತ್ಯೇಕ ವಿಭಾಗ. ದೂತ, ಬಾಗಿಲಭಟ, ವೃದ್ಧ ಬ್ರಾಹ್ಮಣ, ಅಗಸ, ಅಜ್ಜಿ, ಬೇಹಿನಚರ ಮೊದಲಾದ ಪಾತ್ರಗಳು ಸಾಮಾನ್ಯವಾಗಿ ಹಾಸ್ಯಗಾರನ ಪಾಲಿಗೆ ಬರುತ್ತವೆ. ಇಡೀ ರಾತ್ರಿಯ ಆಟದಲ್ಲಿ ಒಬ್ಬನೇ ಹಾಸ್ಯಗಾರ ಇಂತಹ ಹಲವು ಪಾತ್ರಗಳನ್ನು ಮಾಡುವುದುಂಟು. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ, ಕಾಸರಗೋಡು ಜಿಲ್ಲೆಗಳಲ್ಲಿ ಹಾಗೂ ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳಲ್ಲಿ ಈ ಕಲೆ ಪ್ರಚಲಿತವಾಗಿದೆ.

ಎಲ್ಲ ಪ್ರಸಂಗಗಳಿಗೂ ಎಲ್ಲ ಸಂದರ್ಭಗಳಿಗೂ ಒಂದೇ ಬಗೆಯ ಹಾಸ್ಯ ಹೊಂದುವುದಿಲ್ಲ. ಹರಕೆಯ ಆಟ, ಟಿಕೆಟ್ಟಿನ ಆಟ, ಕಾಲಮಿತಿಯ ಪ್ರದರ್ಶನ ಇವುಗಳಲ್ಲಿ ಪ್ರತಿಯೊಂದೂ ಹಾಸ್ಯಗಾರನಿಂದ ಬೇರೆ ಬೇರೆ ಗುಣಗಳನ್ನು ಬೇಡುತ್ತದೆ. ಆದ್ದರಿಂದ ಆಟ ಆಡಿಸುವವರು ಪ್ರಸಂಗವನ್ನೂ ಹಾಸ್ಯಗಾರನನ್ನೂ ಒಟ್ಟಾಗಿ ಆಲೋಚಿಸಬೇಕಾಗುತ್ತದೆ.

ಹಿನ್ನೆಲೆ

ಭರತನ ನಾಟ್ಯಶಾಸ್ತ್ರವು ಹಾಸ್ಯವನ್ನು ಎಂಟು ರಸಗಳಲ್ಲಿ ಒಂದೆಂದು ಪರಿಗಣಿಸಿ, ನಗೆಯನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರು ಬಗೆಯಾಗಿ ವಿಂಗಡಿಸಿದೆ. ಮೊದಲ ಎರಡು ಉತ್ತಮ ಪಾತ್ರಗಳಿಗೆ, ನಡುವಿನ ಎರಡು ಮಧ್ಯಮ ಪಾತ್ರಗಳಿಗೆ, ಕೊನೆಯ ಎರಡು ಅಧಮ ಪಾತ್ರಗಳಿಗೆ ಸೇರಿದವು. ನಗೆಯ ಪ್ರಮಾಣವು ಪಾತ್ರದ ಅಂತಸ್ತಿಗೆ ತಕ್ಕಂತಿರಬೇಕೆಂಬ ಈ ವಿವೇಚನೆ ಯಕ್ಷಗಾನದ ವಿಮರ್ಶೆಯಲ್ಲಿಯೂ ಬಳಕೆಯಾಗುತ್ತದೆ.

ಸಂಸ್ಕೃತ ನಾಟಕದ ವಿದೂಷಕನಿಗೂ ಯಕ್ಷಗಾನದ ಹಾಸ್ಯಗಾರನಿಗೂ ಹೋಲಿಕೆಗಳಿವೆ. ಆದರೆ ವಿದೂಷಕ ನಾಯಕನ ಗೆಳೆಯನಾಗಿ ನಾಟಕದುದ್ದಕ್ಕೂ ಒಂದೇ ಪಾತ್ರವಾಗಿ ಉಳಿಯುತ್ತಾನೆ. ಹಾಸ್ಯಗಾರನಾದರೋ ಸನ್ನಿವೇಶಕ್ಕೊಂದು ಪಾತ್ರವಾಗುತ್ತಾನೆ. ಬಯಲುಸೀಮೆಯ ಮೂಡಲಪಾಯ ಬಯಲಾಟದಲ್ಲಿ ಪಾತ್ರಗಳನ್ನು ಮಾತನಾಡಿಸಿ ಸಭೆಗೆ ಪರಿಚಯಿಸುವ ಸಾರಥಿಯು ನಗೆಯ ಹೊಣೆಯನ್ನೂ ಹೊರುತ್ತಾನೆ.

ಹೊನ್ನಾವರದ ಸಮೀಪದ ಕರ್ಕಿಯ ಕಲಾವಿದರ ಮನೆತನವೊಂದಕ್ಕೆ ‘ಹಾಸ್ಯಗಾರ’ ಎಂಬುದೇ ಅಡ್ಡಹೆಸರಾಗಿ ನಿಂತಿದೆ. ಈ ಮನೆತನದವರು ಹಾಸ್ಯಕ್ಕೆ ಮಾತ್ರ ಸೀಮಿತರಾಗದೆ ಉತ್ತರ ಕನ್ನಡದ ಯಕ್ಷಗಾನ ಪರಂಪರೆಯನ್ನು ಬೆಳೆಸಿದವರಲ್ಲಿ ಸೇರಿದ್ದಾರೆ.

ರಂಗದ ಮೇಲಿನ ಕೆಲಸ

ಯಕ್ಷಗಾನ ಪ್ರಸಂಗಗಳಲ್ಲಿ ಪ್ರಧಾನ ಪಾತ್ರಗಳ ನಡೆಯನ್ನು ಪದ್ಯಗಳು ನಿರ್ದೇಶಿಸುತ್ತವೆ. ಹಾಸ್ಯಪಾತ್ರಗಳಿಗೆ ಪದ್ಯಗಳು ಕಡಿಮೆ. ಮಾತಿನ ಬಹುಭಾಗ ರಂಗದ ಮೇಲೆಯೇ ಹುಟ್ಟುವ ಆಶುಸಂಭಾಷಣೆ. ಇದರಿಂದಾಗಿ ಹಾಸ್ಯಗಾರನಿಗೆ ಸ್ವಾತಂತ್ರ್ಯ ಹೆಚ್ಚು, ಹೊಣೆಯೂ ಹೆಚ್ಚು. ಕತೆಯ ಯಾವ ಎಳೆ ಮುಂದೆ ಎಲ್ಲಿಗೆ ಸೇರುತ್ತದೆ ಎಂಬ ಅರಿವಿಲ್ಲದೆ ಆಡಿದ ಮಾತು ಅನಂತರ ಬರುವ ಪಾತ್ರಧಾರಿಗೆ ತೊಡಕಾಗುತ್ತದೆ. ಹೀಗಾಗಿ ಪ್ರಸಂಗಜ್ಞಾನದಲ್ಲಿ ಹಾಸ್ಯಗಾರನು ಭಾಗವತನಿಗೆ ಸಮೀಪದವನಾಗಿರಬೇಕೆಂಬ ನಿರೀಕ್ಷೆಯಿದೆ.

ನಗಿಸುವುದರ ಹೊರತಾಗಿ ಹಾಸ್ಯಗಾರನ ಮುಖ್ಯ ಕೆಲಸಗಳು ಇವು:

• ಕತೆಯ ಕೊಂಡಿ ಕೂಡಿಸುವುದು. ದೂತನಾಗಿ ಸುದ್ದಿ ತರುವಾಗ ಹಿಂದೆ ನಡೆದುದನ್ನು ಚಿಕ್ಕದಾಗಿ ಹೇಳಿ ಮುಂದಿನದಕ್ಕೆ ಸಭೆಯನ್ನು ಅಣಿಗೊಳಿಸುತ್ತಾನೆ.
• ಬಿಡುವು ಒದಗಿಸುವುದು. ಭಾರವಾದ ವೇಷಗಳ ಬಣ್ಣ, ಕಟ್ಟುಗಳಿಗೆ ಸಮಯ ಹಿಡಿಯುತ್ತದೆ. ಚೌಕಿಯಲ್ಲಿ ವೇಷ ಸಿದ್ಧವಾಗುವ ತನಕ ರಂಗ ಬರಿದಾಗದಂತೆ ನೋಡಿಕೊಳ್ಳುತ್ತಾನೆ.
• ಭಾಗವತನೊಡನೆ ಸಂವಾದ. ಪ್ರವೇಶದ ವೇಳೆ ಭಾಗವತನು ಕೇಳುವ ಪ್ರಶ್ನೆಗಳಿಗೆ ಉತ್ತರಿಸುತ್ತ ತನ್ನ ಪಾತ್ರದ ಪರಿಚಯವನ್ನು ನಗೆಯೊಡನೆ ಮಾಡಿಕೊಡುತ್ತಾನೆ.
• ಸಭೆಯನ್ನು ಎಚ್ಚರದಲ್ಲಿಡುವುದು. ನಡುರಾತ್ರಿ ದಾಟಿದ ಮೇಲೆ ತೂಕಡಿಸುವ ಪ್ರೇಕ್ಷಕರನ್ನು ಮತ್ತೆ ಕತೆಯೊಳಗೆ ಕರೆತರುತ್ತಾನೆ.

ವೇಷ ಮತ್ತು ಭಾಷೆ

ಕಿರೀಟ, ಭುಜಕೀರ್ತಿ, ದೊಡ್ಡ ಮುಂಡಾಸುಗಳಿಲ್ಲದ ಹಾಸ್ಯಗಾರನ ವೇಷ ಸರಳವಾದುದು. ಕಚ್ಚೆ, ಅಂಗಿ, ತಲೆಗೊಂದು ವಸ್ತ್ರ ಅಥವಾ ಟೊಪ್ಪಿ, ಕೈಯಲ್ಲೊಂದು ಕೋಲು, ಮುಖಕ್ಕೆ ಹಗುರವಾದ ಬಣ್ಣ ಇಷ್ಟರಲ್ಲಿಯೇ ಹೆಚ್ಚಿನ ಪಾತ್ರಗಳು ಸಿದ್ಧವಾಗುತ್ತವೆ. ಆದ್ದರಿಂದ ಒಂದು ಪಾತ್ರದಿಂದ ಮತ್ತೊಂದಕ್ಕೆ ಬೇಗನೆ ಬದಲಾಗುವುದು ಸಾಧ್ಯ. ಹಾಸ್ಯಗಾರನಿಗೂ ಹೆಜ್ಜೆಗಾರಿಕೆ ಬೇಕು. ತಾಳ ತಪ್ಪಿದಂತೆ ತೋರುವ ಕುಣಿತವನ್ನೂ ಆತ ತಾಳಕ್ಕೆ ಸರಿಯಾಗಿಯೇ ಕುಣಿಯಬೇಕಾಗುತ್ತದೆ.

ಯಕ್ಷಗಾನದ ರಾಜರೂ ದೇವತೆಗಳೂ ಗ್ರಾಂಥಿಕ ಕನ್ನಡದಲ್ಲಿ ಮಾತನಾಡುತ್ತಾರೆ. ಅದೇ ರಂಗದಲ್ಲಿ ಆಡುನುಡಿಗೆ ಎಡೆಯಿರುವುದು ಬಹುಮಟ್ಟಿಗೆ ಹಾಸ್ಯಗಾರನ ಮೂಲಕ. ಬಡಗುತಿಟ್ಟಿನಲ್ಲಿ ಕುಂದಾಪುರದ ಕನ್ನಡ ಈ ಪಾತ್ರಗಳಲ್ಲಿ ಹೆಚ್ಚಾಗಿ ಕೇಳಿಬರುತ್ತದೆ. ಸಿಂಹಾಸನದ ಮೇಲಿನ ಅರಸ ‘ಹೋಗಬೇಕು’ ಎಂದರೆ ಎದುರಿನ ದೂತ ‘ಹೋಯ್ಕ್’ ಎನ್ನುತ್ತಾನೆ. ಈ ಎರಡು ನುಡಿಗಳ ನಡುವಿನ ಅಂತರವೇ ಅನೇಕ ವೇಳೆ ನಗೆಯ ಮೂಲ. ಅರಸನ ಪ್ರೌಢ ಮಾತನ್ನು ದೂತ ತಪ್ಪಾಗಿ ತಿಳಿದು ತನ್ನ ನುಡಿಯಲ್ಲಿ ಪುನರುಚ್ಚರಿಸಿದಾಗ ಸಭೆಯಲ್ಲಿ ಕುಳಿತ ಸಾಮಾನ್ಯನಿಗೆ ಅರ್ಥವೂ ಆಗುತ್ತದೆ, ನಗೆಯೂ ಬರುತ್ತದೆ.

ಹಾಸ್ಯಪಾತ್ರಗಳ ಬಗೆಗಳು

ಪ್ರಸಂಗಗಳಲ್ಲಿ ಬರುವ ಹಾಸ್ಯಪಾತ್ರಗಳನ್ನು ಅವುಗಳ ಕೆಲಸಕ್ಕೆ ಅನುಗುಣವಾಗಿ ಹೀಗೆ ಗುರುತಿಸಬಹುದು:

• ಸೇವಕ ಪಾತ್ರಗಳು: ದೂತ, ಬಾಗಿಲಭಟ, ಕೃಷ್ಣನ ಸಾರಥಿ ದಾರುಕ ಮೊದಲಾದವರು. ಚುರುಕು ಮಾತು ಮತ್ತು ಸಮಯಪ್ರಜ್ಞೆ ಇಲ್ಲಿ ಮುಖ್ಯ.
• ಪ್ರಸಂಗದ ನಡುವೆ ಬಂದುಹೋಗುವ ಪಾತ್ರಗಳು: ‘ಕಂಸವಧೆ’ಯ ಅಗಸ, ‘ಗದಾಯುದ್ಧ’ದ ಬೇಹಿನಚರರು, ‘ಭೀಷ್ಮವಿಜಯ’ದಲ್ಲಿ ಅಂಬೆಯ ಜೊತೆಗೆ ಹೋಗುವ ವೃದ್ಧ ಬ್ರಾಹ್ಮಣ. ಇವು ಚಿಕ್ಕವಾದರೂ ಕತೆಯ ತಿರುವಿನಲ್ಲಿ ನಿಂತಿರುವುದರಿಂದ ಅಳತೆ ಮೀರಬಾರದು.
• ಸಂಸಾರದ ಹಾಸ್ಯ: ‘ಚಂದ್ರಾವಳಿ ವಿಲಾಸ’ದಲ್ಲಿ ಚಂದ್ರಾವಳಿಯ ಗಂಡ ಚಂದಗೋಪ ಮತ್ತು ಅವನ ಮುದಿತಾಯಿ. ಇಲ್ಲಿ ನಗೆ ಮಾತಿಗಿಂತ ಮಿಗಿಲಾಗಿ ಸನ್ನಿವೇಶದಿಂದ ಹುಟ್ಟುತ್ತದೆ.
• ಕೊಂಕಿನ ಪಾತ್ರಗಳು: ರಾಮಾಯಣದ ಮಂಥರೆ, ‘ಸತ್ಯಹರಿಶ್ಚಂದ್ರ’ದಲ್ಲಿ ಸಾಲ ವಸೂಲಿಗೆ ಬೆನ್ನು ಹತ್ತುವ ನಕ್ಷತ್ರಿಕ. ಪ್ರೇಕ್ಷಕ ನಗುತ್ತಲೇ ಪಾತ್ರದ ಕ್ರೌರ್ಯವನ್ನು ಗ್ರಹಿಸಬೇಕು.
• ಕರುಣೆ ಬೆರೆತ ಹಾಸ್ಯ: ‘ನಳದಮಯಂತಿ’ಯ ಬಾಹುಕ. ಕಾರ್ಕೋಟಕನ ಕಡಿತದಿಂದ ವಿರೂಪಗೊಂಡು ಋತುಪರ್ಣನ ಸಾರಥಿಯಾದ ನಳನೇ ಈತ. ಹೊರಗಿನ ವಿಕಾರ ನಗಿಸಬೇಕು, ಒಳಗಿನ ಅರಸ ಮರೆಯಾಗಬಾರದು.
• ನಾಯಕನೇ ಹಾಸ್ಯಪಾತ್ರವಾಗಿರುವುದು: ‘ಪಾಪಣ್ಣ ವಿಜಯ ಗುಣಸುಂದರಿ’ಯ ಪಾಪಣ್ಣ. ಇಡೀ ಪ್ರಸಂಗ ಹಾಸ್ಯಗಾರನ ಮೇಲೆಯೇ ನಿಂತಿರುತ್ತದೆ.

ಮಲೆನಾಡಿನಲ್ಲಿ

ತುಂಗಾತೀರದ ಮಂಡಗದ್ದೆಯಿಂದ ಆಗುಂಬೆಯವರೆಗೆ ಹರಡಿರುವ ತೀರ್ಥಹಳ್ಳಿ ತಾಲೂಕು, ಅದರ ಉತ್ತರಕ್ಕಿರುವ ಹೊಸನಗರ ಮತ್ತು ಸಾಗರ ತಾಲೂಕುಗಳು ಆಗುಂಬೆ, ಹುಲಿಕಲ್, ಕೊಲ್ಲೂರು ಘಾಟಿಗಳ ಮೂಲಕ ಕರಾವಳಿಗೆ ತೆರೆದುಕೊಂಡಿವೆ. ಮಳೆಗಾಲ ಮುಗಿದು ತಿರುಗಾಟ ಆರಂಭವಾದ ಮೇಲೆ ಕರಾವಳಿಯ ಮೇಳಗಳು ಘಟ್ಟ ಹತ್ತಿ ಬಂದು ಇಲ್ಲಿ ಆಟ ಆಡುತ್ತವೆ. ಮಂದಾರ್ತಿ ಶ್ರೀ ದುರ್ಗಾಪರಮೇಶ್ವರಿ ದೇವಸ್ಥಾನದ ಮೇಳಗಳಿಗೆ ಘಟ್ಟದ ಮೇಲಿನ ಭಕ್ತರ ಹರಕೆಯ ಆಟಗಳೂ ಇರುತ್ತವೆ. ಸಾಗರ ತಾಲೂಕಿನ ಸಿಗಂದೂರು ಚೌಡೇಶ್ವರಿ ಕ್ಷೇತ್ರದ ಹೆಸರಿನಲ್ಲಿಯೂ ಮೇಳವಿದೆ. ಈ ಭಾಗದಲ್ಲಿ ಬಡಗುತಿಟ್ಟಿನ ಪ್ರಭಾವ ಹೆಚ್ಚು; ಆದರೆ ರಾಮಚಂದ್ರಾಪುರ ಮಠದ ಹೆಸರಿನೊಂದಿಗೆ ತಿರುಗಾಟ ನಡೆಸಿದ ಹೊಸನಗರ ಮೇಳ ತೆಂಕುತಿಟ್ಟಿನದು.

ಹಾಸ್ಯಗಾರನಿಗೆ ಮಲೆನಾಡು ಭಾಷೆಯ ಪರೀಕ್ಷೆಯನ್ನು ಒಡ್ಡುತ್ತದೆ. ಘಟ್ಟದಂಚಿನ ಊರುಗಳಿಗೆ ಕುಂದಾಪುರದ ನುಡಿ ನೆರೆಯವರ ನುಡಿ. ಶಿವಮೊಗ್ಗದಿಂದ ಸುಮಾರು 30 ಕಿ.ಮೀ. ದೂರದಲ್ಲಿ, ತೀರ್ಥಹಳ್ಳಿಯ ರಸ್ತೆಯಲ್ಲಿರುವ ಮಂಡಗದ್ದೆಯಂತಹ ಊರು ಬಯಲುಸೀಮೆಯ ಕಡೆಗೆ ಮುಖ ಮಾಡಿದೆ. ಇಂತಹ ಕಡೆ ಒಕ್ಕಲಿಗರ ಮಲೆನಾಡು ಕನ್ನಡ, ಹವ್ಯಕ ಕನ್ನಡ, ಶಿವಮೊಗ್ಗದ ಪೇಟೆಯ ಕನ್ನಡ ಇವುಗಳನ್ನಾಡುವವರು ಒಂದೇ ಸಭೆಯಲ್ಲಿರಬಹುದು. ಕರಾವಳಿಯ ಗಾದೆ, ಊರ ಹೆಸರು, ಮೀನುಗಾರಿಕೆಯ ಮಾತುಗಳನ್ನು ನೆಚ್ಚಿದ ನಗೆ ಇಲ್ಲಿ ಸಪ್ಪೆಯಾಗುವ ಸಂಭವವಿದೆ. ಅಡಿಕೆ, ಭತ್ತ, ಕಾಡುಪ್ರಾಣಿ, ಜಡಿಮಳೆಗಳ ಬದುಕನ್ನು ಬಲ್ಲ ಹಾಸ್ಯಗಾರನಿಗೆ ಅದೇ ಪಾತ್ರ ಸುಲಭವಾಗಿ ಒಲಿಯುತ್ತದೆ.

ಸಂದರ್ಭಕ್ಕೆ ತಕ್ಕ ಆಯ್ಕೆ

ಹರಕೆಯ ಆಟ: ಸೇವಾಕರ್ತರು ದೇವಸ್ಥಾನದ ಮೇಳವನ್ನು ಗೊತ್ತುಮಾಡುತ್ತಾರೆ. ಹಾಸ್ಯಗಾರ ಮೇಳದವನೇ ಆಗಿರುವುದರಿಂದ ಇಲ್ಲಿ ಆಯ್ಕೆ ನಡೆಯುವುದು ವ್ಯಕ್ತಿಯ ಮಟ್ಟದಲ್ಲಲ್ಲ, ಪ್ರಸಂಗದ ಮಟ್ಟದಲ್ಲಿ. ದೇವಿಯ ಸೇವೆಯೆಂದು ಆಡಿಸುವ ಆಟದಲ್ಲಿ ಹಾಸ್ಯ ಮಿತವಾಗಿ, ಭಕ್ತಿಗೆ ಅಡ್ಡಿಯಾಗದಂತೆ ಇರಬೇಕೆಂಬುದು ಸಾಮಾನ್ಯ ಅಪೇಕ್ಷೆ. ಮಕ್ಕಳಿಂದ ಹಿರಿಯರವರೆಗೆ ಮನೆಮಂದಿಯೆಲ್ಲ ಸೇರುವ ಸಂದರ್ಭ ಇದು.

ಟಿಕೆಟ್ಟಿನ ಆಟ: ಇಪ್ಪತ್ತನೆಯ ಶತಮಾನದ ನಡುಭಾಗದಿಂದ ಬೆಳೆದ ಡೇರೆ ಮೇಳಗಳು ಪ್ರೇಕ್ಷಕರ ಹಣವನ್ನು ಅವಲಂಬಿಸಿದವು. ಹೊಸ ಸಾಮಾಜಿಕ ಪ್ರಸಂಗಗಳೂ ತೆಂಕಿನಲ್ಲಿ ತುಳು ಪ್ರಸಂಗಗಳೂ ಬಂದಂತೆ ಹಾಸ್ಯಗಾರನ ಪಾತ್ರ ಹಿಗ್ಗಿತು; ಆತನ ಹೆಸರೇ ಜನರನ್ನು ಸೆಳೆಯುವಂತಾಯಿತು.

ಅತಿಥಿ ಕಲಾವಿದರ ಆಟ: ಬೇರೆ ಬೇರೆ ಮೇಳಗಳ ಕಲಾವಿದರನ್ನು ಒಂದೇ ರಾತ್ರಿಗೆ ಕೂಡಿಸುವ ಸಂಘಟಕರು ಹಾಸ್ಯಗಾರನನ್ನು ಹೆಸರು ಹಿಡಿದು ಆರಿಸುತ್ತಾರೆ. ಇಲ್ಲಿ ಗಮನಿಸಬೇಕಾದುದು ಜೋಡಿಯ ಹೊಂದಾಣಿಕೆ. ಬಾಹುಕನಿಗೆ ದಮಯಂತಿಯೂ ನಕ್ಷತ್ರಿಕನಿಗೆ ಹರಿಶ್ಚಂದ್ರನೂ ದೂತನಿಗೆ ಅರಸನೂ ಸಾಟಿಯಾಗದಿದ್ದರೆ ಇಬ್ಬರ ಪಾತ್ರಗಳೂ ಸೊರಗುತ್ತವೆ. ಸೇವಕ ಪಾತ್ರಗಳಲ್ಲಿ ಮಿಂಚುವ ಕಲಾವಿದ ಬಾಹುಕನಿಗೂ ಒಪ್ಪುತ್ತಾನೆಂದು ಹೇಳಲಾಗದು.

ಕಾಲಮಿತಿಯ ಪ್ರದರ್ಶನ: ಇಡೀ ರಾತ್ರಿಯ ಆಟ ಕೆಲವೇ ಗಂಟೆಗಳಿಗೆ ಇಳಿದಾಗ ಮೊದಲು ಕತ್ತರಿ ಬೀಳುವುದು ಹಾಸ್ಯದ ಸನ್ನಿವೇಶಗಳಿಗೆ. ಮಾತನ್ನು ನಿಧಾನವಾಗಿ ಬೆಳೆಸುವ ಹಾಸ್ಯಗಾರನಿಗಿಂತ ಅಭಿನಯದಿಂದಲೂ ಒಂದೆರಡು ಮಾತಿನಿಂದಲೂ ನಗಿಸಬಲ್ಲವನು ಇಲ್ಲಿ ಹೊಂದುತ್ತಾನೆ. ಕನ್ನಡ ಬಾರದ ಪ್ರೇಕ್ಷಕರ ಎದುರಿನ ಪ್ರದರ್ಶನಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಶಿವರಾಮ ಕಾರಂತರು ರೂಪಿಸಿದ ಮಾತಿಲ್ಲದ ಯಕ್ಷಗಾನ ನೃತ್ಯರೂಪಕಗಳಲ್ಲಿ ಮಾತಿನ ಹಾಸ್ಯಕ್ಕೆ ಎಡೆಯೇ ಇರಲಿಲ್ಲ.

ತಾಳಮದ್ದಳೆ: ವೇಷವಿಲ್ಲದೆ ಕುಳಿತು ಅರ್ಥ ಹೇಳುವ ಈ ಪ್ರಕಾರದಲ್ಲಿ ಸಾಮಾನ್ಯವಾಗಿ ಪ್ರತ್ಯೇಕ ಹಾಸ್ಯಗಾರನಿರುವುದಿಲ್ಲ. ಅರ್ಥಧಾರಿಗಳ ವಾದ ಪ್ರತಿವಾದಗಳೊಳಗಿನ ವಿನೋದವೇ ಸಾಕಾಗುತ್ತದೆ. ಮಳೆಗಾಲದಲ್ಲಿ ಮನೆಯ ಜಗಲಿಯಲ್ಲಿಯೂ ಚಿಕ್ಕ ಸಭಾಂಗಣದಲ್ಲಿಯೂ ನಡೆಸಲು ಇದು ಅನುಕೂಲ.

ಔಚಿತ್ಯದ ಪ್ರಶ್ನೆ

ಹಾಸ್ಯ ಎಲ್ಲಿ ನಿಲ್ಲಬೇಕು ಎಂಬುದು ಯಕ್ಷಗಾನ ವಲಯದಲ್ಲಿ ಹಳೆಯ ಚರ್ಚೆ. ಸಿನಿಮಾದ ಹಾಡು, ರಾಜಕೀಯದ ಟೀಕೆ, ಮೊಬೈಲ್ ಫೋನಿನ ಪ್ರಸ್ತಾಪಗಳು ಪೌರಾಣಿಕ ಆವರಣವನ್ನು ಒಡೆಯುತ್ತವೆಂದು ಒಂದು ಪಕ್ಷ ಆಕ್ಷೇಪಿಸುತ್ತದೆ. ಹಾಸ್ಯಗಾರನು ಮೊದಲಿನಿಂದಲೂ ಪುರಾಣಕ್ಕೂ ಇಂದಿನ ಬದುಕಿಗೂ ನಡುವಿನವನು, ಅವನ ಆಡುನುಡಿಯೇ ಅದಕ್ಕೆ ಸಾಕ್ಷಿ ಎಂದು ಇನ್ನೊಂದು ಪಕ್ಷ ಸಮರ್ಥಿಸುತ್ತದೆ.

ದ್ವಂದ್ವಾರ್ಥದ ಮಾತು, ಜಾತಿಯೊಂದರ ಉಚ್ಚಾರವನ್ನು ಹೀಯಾಳಿಸುವುದು, ಅಂಗವಿಕಲರ ಅನುಕರಣೆ ಇವು ಹೆಚ್ಚು ಗಂಭೀರವಾದ ಆಕ್ಷೇಪಗಳು. ಅಗಸ, ಬೇಡ, ಬ್ರಾಹ್ಮಣ ಪಾತ್ರಗಳು ಹಾಸ್ಯಗಾರನ ಪಾಲಿಗೇ ಬರುವುದರಿಂದ ವ್ಯಕ್ತಿಯ ದಡ್ಡತನವನ್ನು ನಗುವುದಕ್ಕೂ ಸಮುದಾಯವನ್ನು ನಗುವುದಕ್ಕೂ ಇರುವ ಗೆರೆ ಇಲ್ಲಿ ತೆಳುವಾದುದು. ಅದೇ ಸಮುದಾಯದವರು ಸಭೆಯಲ್ಲಿ ಕುಳಿತಿರುವ ಹಳ್ಳಿಯ ಆಟದಲ್ಲಿ ಈ ವಿವೇಕಕ್ಕೆ ಹೆಚ್ಚಿನ ಬೆಲೆಯಿದೆ. ಬೇಹಿನಚರರ ಹಾಸ್ಯ ಲಂಬಿಸಿದರೆ ಅದರ ಬೆನ್ನಿಗೇ ಬರುವ ಕೌರವನ ದುರಂತ ತೂಕ ಕಳೆದುಕೊಳ್ಳುತ್ತದೆ ಎಂಬುದು ರಸದ ದೃಷ್ಟಿಯ ಆಕ್ಷೇಪಕ್ಕೆ ಒಂದು ನಿದರ್ಶನ.

ಇತರ ಹಾಸ್ಯ ಪ್ರಕಾರಗಳು

ಊರಿನ ಹಬ್ಬ, ಶಾಲಾ ವಾರ್ಷಿಕೋತ್ಸವ, ಸಂಘಗಳ ಸಮಾರಂಭಗಳಲ್ಲಿ ಈಗ ಯಕ್ಷಗಾನದ ಜೊತೆಗೆ ಅಥವಾ ಅದರ ಬದಲಿಗೆ ನಗೆಹಬ್ಬ, ಹಾಸ್ಯೋಪನ್ಯಾಸ, ಮಿಮಿಕ್ರಿ, ಹಾಸ್ಯ ನಾಟಕಗಳು ಏರ್ಪಾಡಾಗುತ್ತವೆ. ಗಂಗಾವತಿ ಪ್ರಾಣೇಶ್ ಅವರ ಹಾಸ್ಯೋಪನ್ಯಾಸ ಉತ್ತರ ಕರ್ನಾಟಕದ ಆಡುನುಡಿಯನ್ನೂ ಮಿಮಿಕ್ರಿ ದಯಾನಂದ್ ಅವರ ಕಲೆ ಧ್ವನಿಯ ಅನುಕರಣೆಯನ್ನೂ ಅವಲಂಬಿಸಿವೆ. ‘ಲಂಚಾವತಾರ’ ನಾಟಕದಿಂದ ಹೆಸರಾದ ಮಾಸ್ಟರ್ ಹಿರಣ್ಣಯ್ಯ (1934–2019) ಅವರದು ರಾಜಕೀಯ ವಿಡಂಬನೆ. ಇವರು ತಮ್ಮ ಹೆಸರಿನಲ್ಲಿಯೇ ಸಭೆಯನ್ನು ಸೆಳೆದವರು. ಯಕ್ಷಗಾನದ ಹಾಸ್ಯಗಾರನಿಗೆ ಮಾತ್ರ ಭಾಗವತ, ಸಹಕಲಾವಿದರು ಮತ್ತು ಪ್ರಸಂಗದ ಚೌಕಟ್ಟು ಅನಿವಾರ್ಯ. ಆತನನ್ನು ಬಿಡಿಯಾಗಿ ವೇದಿಕೆಗೆ ಕರೆಸಿ ಅರ್ಧ ಗಂಟೆ ನಗಿಸಲು ಕೇಳಿದರೆ ಆ ಕಲೆಯ ಬಹುಭಾಗ ಹೊರಗುಳಿಯುತ್ತದೆ.

ಪ್ರಮುಖ ಹಾಸ್ಯಗಾರರು

• ಕುಂಜಾಲು ರಾಮಕೃಷ್ಣ: ಬಡಗುತಿಟ್ಟು.
• ಹಳ್ಳಾಡಿ ಜಯರಾಮ ಶೆಟ್ಟಿ: ಬಡಗುತಿಟ್ಟು.
• ಪೆರುವಡಿ ನಾರಾಯಣ ಭಟ್: ತೆಂಕುತಿಟ್ಟು, ಪಾಪಣ್ಣನ ಪಾತ್ರದಿಂದ ಪ್ರಸಿದ್ಧರು.
• ಮಿಜಾರು ಅಣ್ಣಪ್ಪ: ತೆಂಕುತಿಟ್ಟು, ತುಳು ಪ್ರಸಂಗಗಳ ಹಾಸ್ಯಕ್ಕೆ ಹೆಸರಾದವರು.

ಇವನ್ನೂ ನೋಡಿ

• ಯಕ್ಷಗಾನ
• ಬಡಗುತಿಟ್ಟು
• ತೆಂಕುತಿಟ್ಟು
• ತಾಳಮದ್ದಳೆ
• ಮೂಡಲಪಾಯ
• ಮಂಡಗದ್ದೆ