ಪುರದ ಸಗಣಿ, ಬಿದರೆಹಳ್ಳದ ಹೆಲಿಕಾಪ್ಟರ್

ತುಮಕೂರಿನ ಶಿರಾ ಗೇಟಿನಲ್ಲಿ ನಿಂತರೆ ಉತ್ತರದ ಕಡೆ ವಸಂತನರಸಾಪುರದ ಕಾರ್ಖಾನೆಗಳು, ಇನ್ನೂ ಆಚೆ ಪಾವಗಡದ ಸೌರ ಫಲಕಗಳು. ಪಶ್ಚಿಮಕ್ಕೆ ಗುಬ್ಬಿ ತಾಲ್ಲೂಕು, ಅಲ್ಲಿ ಹೆಲಿಕಾಪ್ಟರ್ ಕಾರ್ಖಾನೆ. ತುಮಕೂರಿನ ತಂತ್ರಜ್ಞಾನದ ಮಾತು ಬಂದರೆ ಎಲ್ಲರೂ ಈ ಎರಡು ದಿಕ್ಕಿಗೇ ಕೈ ತೋರಿಸುತ್ತಾರೆ. ನಾನು ಮೊದಲು ದಕ್ಷಿಣಕ್ಕೆ, ಕುಣಿಗಲ್ ತಾಲ್ಲೂಕಿಗೆ ಹೋಗುತ್ತೇನೆ.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಹುಟ್ಟಿತು. ಹಳ್ಳಿಗಾಡಿಗೆ ವಿಜ್ಞಾನ, ತಂತ್ರಜ್ಞಾನ ಒದಗಿಸುವುದು ಅದರ ಕೆಲಸ. ಹಿಂದಿದ್ದವರು ಅಮೂಲ್ಯ ಕೆ.ಎನ್. ರೆಡ್ಡಿ ಮತ್ತು ಸಂಗಡಿಗರು. ವಿದ್ಯುತ್‌ರಸಾಯನಶಾಸ್ತ್ರದಲ್ಲಿ ಹೆಸರು ಮಾಡಿದ್ದ ರೆಡ್ಡಿ, ಪ್ರಯೋಗಾಲಯ ಬಿಟ್ಟು ಹಳ್ಳಿಯ ಅಡುಗೆಮನೆಯ ಕಡೆ ತಿರುಗಿದರು. ಅಸ್ತ್ರದ ಕ್ಷೇತ್ರಕೇಂದ್ರ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ನೆಲೆಯೂರಿತು. ಅಲ್ಲಿ ಮೊದಲು ಬಂದದ್ದು ಯಂತ್ರವಲ್ಲ, ಲೆಕ್ಕ. ಸುತ್ತಲ ಆರು ಹಳ್ಳಿಗಳಲ್ಲಿ ಮನೆಮನೆಗೂ ಹೋಗಿ ದಿನಕ್ಕೆ ಎಷ್ಟು ಸೌದೆ ಉರಿಯುತ್ತದೆ, ಅದನ್ನು ಯಾರು ಹೊತ್ತು ತರುತ್ತಾರೆ, ನೀರಿಗೆ ಎಷ್ಟು ಹೊತ್ತು ಹೋಗುತ್ತದೆ ಎಂದು ಅಳೆದರು. ಊರಿನ ಶಕ್ತಿಯಲ್ಲಿ ಬಹುಪಾಲು ಸೌದೆಯದು, ಮನುಷ್ಯ ದುಡಿಮೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರದು ಎಂದು ಗೊತ್ತಾಯಿತು. ಈ ಜಿಲ್ಲೆಯ ತಂತ್ರಜ್ಞಾನದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಶೋಧ ನನಗೆ ಕಾಣುವುದಿಲ್ಲ.

ಮೂರು ಪಾತ್ರೆ ಕೂರುವ, ಹೊಗೆ ಹೊರಗೆ ಹೋಗಲು ಕೊಳವೆಯಿರುವ ‘ಅಸ್ತ್ರ ಒಲೆ’ ಬಂದದ್ದು ಈ ಚಿಂತನೆಯಿಂದಲೇ. ಸೌದೆ ಕಡಿಮೆ ಸಾಕು, ಕಣ್ಣು ಉರಿಯುವುದಿಲ್ಲ. ಆದರೆ ಅದು ಅಳತೆಯ ಒಲೆ. ಬೆಂಕಿಗೂಡಿನ ಅಳತೆ ತಪ್ಪಿದರೆ ಹೊಗೆ ಮನೆಯೊಳಗೇ ತಿರುಗುತ್ತದೆ, ಕಲಿತವರೇ ಕಟ್ಟಬೇಕು.

ಆ ಹಳ್ಳಿಗಳಲ್ಲಿ ಒಂದಾದ ಪುರದ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಐವತ್ತು ಚಿಲ್ಲರೆ ಮನೆಗಳ ಈ ಊರಿನಲ್ಲಿ ಗೋಬರ್ ಗ್ಯಾಸನ್ನು ಮೊದಲು ಅಡುಗೆಗೆ ಕೊಡಲು ಹೊರಟರು. ಊರಿನ ದನಗಳ ಸಗಣಿ ಅದಕ್ಕೆ ಸಾಲಲಿಲ್ಲ. ಕೈಬಿಟ್ಟು ಹೋಗಬಹುದಿತ್ತು, ಹೋಗಲಿಲ್ಲ. ಅಷ್ಟೇ ಗ್ಯಾಸಿನಲ್ಲಿ ಊರಿಗೆ ಬೇಕಾದ ಬೇರೆ ಏನಾಗುತ್ತದೆ ಎಂದು ನೋಡಿದರು. 1987ರಲ್ಲಿ ಅದೇ ಗ್ಯಾಸನ್ನು ಡೀಸೆಲ್ ಜೊತೆ ಬೆರೆಸಿ ಎಂಜಿನ್ ಓಡಿಸಿದರು. ಕೊಳವೆಬಾವಿಯ ನೀರು ನಲ್ಲಿಗೆ ಬಂತು, ಸಂಜೆಗೆ ದೀಪ ಬಂತು. ಸಗಣಿ ತಂದವರಿಗೆ ಕಿಲೋಗೆ 2 ಪೈಸೆ. ಗ್ಯಾಸ್ ತೆಗೆದ ಮೇಲೆ ಉಳಿದ ಗೊಬ್ಬರ ಮತ್ತೆ ಅವರವರ ತಿಪ್ಪೆಗೆ. ಸಗಣಿ ಹೊತ್ತು ತರುವವರು ಹೆಚ್ಚಾಗಿ ಹೆಂಗಸರಾದ್ದರಿಂದ ಆ ಪುಡಿಗಾಸು ಅವರ ಕೈಗೇ ಬೀಳುತ್ತಿತ್ತು. ಯಂತ್ರ ನೋಡಿಕೊಂಡವರು ಊರಿನ ಹುಡುಗರೇ.

ಮರುವರ್ಷ ಅದೇ ತಾಲ್ಲೂಕಿನ ಹೊಸಹಳ್ಳಿಗೆ ಸೌದೆಯಿಂದ ಅನಿಲ ತೆಗೆದು ವಿದ್ಯುತ್ ಮಾಡುವ ಘಟಕ ಬಂತು. ಅದರ ಸೌದೆಗೆಂದೇ ತೋಪು ಬೆಳೆಸಿದರು. ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ ಅದರಿಂದ ನಡೆದವು. ಈ ಅನುಭವವನ್ನೇ ದೊಡ್ಡದು ಮಾಡಿ 2007ರ ಹೊತ್ತಿಗೆ ಇದೇ ಜಿಲ್ಲೆಯ ಕಬ್ಬಿಗೆರೆಯಲ್ಲಿ 500 ಕಿಲೋವಾಟ್ ಘಟಕ ಕಟ್ಟಿ, ವಿದ್ಯುತ್ತನ್ನು ಜಾಲಕ್ಕೇ ಮಾರಲು ನೋಡಿದರು. ಸಿಕ್ಕ ದರ ತಗಲುವ ಖರ್ಚಿಗೆ ಸಾಲಲಿಲ್ಲ. ಯಂತ್ರ ಸರಿಯಿದ್ದರೂ ದರ ಸರಿಯಿಲ್ಲದೆ ಸೋತ ಕೆಲಸ ಅದು ಎಂಬುದು ನನಗೆ ಇಂದಿಗೂ ನೋವಿನ ಸಂಗತಿ.

ತುಮಕೂರು ಪಟ್ಟಣದ ಕಥೆ ಬೇರೆ. 1963ರಲ್ಲಿ ಶಿವಕುಮಾರ ಸ್ವಾಮೀಜಿಯವರ ಸಿದ್ಧಗಂಗಾ ಶಿಕ್ಷಣ ಸಂಸ್ಥೆ ಎಂಜಿನಿಯರಿಂಗ್ ಕಾಲೇಜು ತೆರೆಯಿತು. 1978ರಲ್ಲಿ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆ ಬಂತು. ಕೀಲಿ ಕೊಡುವ ಗಡಿಯಾರದ ಕಾಲ ಕಳೆದು ಕ್ವಾರ್ಟ್ಜ್ ಬಂದ ಮೇಲೆ ಎಚ್‌ಎಂಟಿ ಚೇತರಿಸಿಕೊಳ್ಳಲಿಲ್ಲ. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿತು. ಕೂದಲೆಳೆಯಷ್ಟು ಸೂಕ್ಷ್ಮ ಕೆಲಸ ಬಲ್ಲ ಕೈಗಳು ಚದುರಿದವು. ತುಮಕೂರಿನ ಜಾಗ ಈಗ ಇಸ್ರೋ ಪಾಲಾಗಿದೆ.

2014ರ ಸೆಪ್ಟೆಂಬರ್ 24ನ್ನು ಇಲ್ಲಿ ನೆನೆಯಬೇಕು. ಬೆಳಗ್ಗೆ ಮಂಗಳಯಾನ ಮಂಗಳನ ಕಕ್ಷೆ ಸೇರಿತು. ಅದನ್ನು ಬೆಂಗಳೂರಿನಲ್ಲಿ ಕಣ್ಣಾರೆ ಕಂಡ ಪ್ರಧಾನಿ ಅದೇ ದಿನ ವಸಂತನರಸಾಪುರಕ್ಕೆ ಬಂದು ಫುಡ್ ಪಾರ್ಕ್ ಉದ್ಘಾಟಿಸಿದರು.

ಗುಬ್ಬಿಯ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ಗೆ 615 ಎಕರೆ. 2016ರ ಜನವರಿ 3ರಂದು ಅಡಿಗಲ್ಲು, 2023ರ ಫೆಬ್ರುವರಿ 6ರಂದು ಉದ್ಘಾಟನೆ. ಮೊದಲಿಗೆ ವರ್ಷಕ್ಕೆ 30 ಹೆಲಿಕಾಪ್ಟರ್, ಮುಂದೆ 60, 90 ಎಂಬುದು ಯೋಜನೆ. ಇಲ್ಲಿನ ಹಗುರ ಹೆಲಿಕಾಪ್ಟರ್ ಮೂರು ಟನ್ ವರ್ಗದ್ದು, ಒಂದೇ ಎಂಜಿನ್ನಿನದು, ನಮ್ಮದೇ ವಿನ್ಯಾಸ. ಹಿಮಾಲಯದ ಎತ್ತರಗಳಲ್ಲಿ ದಶಕಗಳಿಂದ ದುಡಿದ ಫ್ರೆಂಚ್ ಮೂಲದ ಚೀತಾ, ಚೇತಕ್‌ಗಳ ಜಾಗ ತುಂಬಲು ರೂಪಿಸಿದ್ದು. ಹೆಮ್ಮೆಪಡಬೇಕಾದ ಕೆಲಸ, ಜಿಲ್ಲೆಯ ಐಟಿಐ, ಡಿಪ್ಲೊಮಾ ಮಕ್ಕಳಿಗೆ ಅಲ್ಲಿ ಕೆಲಸ ಸಿಗಲಿ ಎಂಬುದು ನನ್ನ ಆಸೆ.

ಪಾವಗಡದ ಸೌರ ಪಾರ್ಕ್ ಸುಮಾರು 13,000 ಎಕರೆಯದು; ಸಾಮರ್ಥ್ಯ 2,050 ಮೆಗಾವಾಟ್. ತಿರುಮಣಿ ಸುತ್ತಲಿನ ಬರಡು ನೆಲವನ್ನು ಕೊಂಡುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದದ್ದು ಬುದ್ಧಿವಂತಿಕೆಯ ಕೆಲಸ. ಮಳೆ ನಂಬಿ ಕಡಲೆಕಾಯಿ ಬಿತ್ತಿ ಸೋತಿದ್ದ ರೈತನಿಗೆ ಅದು ಖಚಿತ ಆದಾಯ, ಜಮೀನು ಅವನ ಹೆಸರಲ್ಲೇ ಉಳಿಯಿತು. ಆದರೆ ಗುತ್ತಿಗೆ ಹಣ ಹೋಗುವುದು ಪಹಣಿಯಲ್ಲಿ ಹೆಸರಿರುವವರಿಗೆ. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸಿಗೆ, ಕುರಿ ಮೇಯಿಸುತ್ತಿದ್ದವನಿಗೆ ಅದರಲ್ಲಿ ಪಾಲಿಲ್ಲ. ಉಂಗ್ರದಲ್ಲಿ ಮಾಡಿದ ಹಾಗೆ ಯಾರಾದರೂ ತಿರುಮಣಿಯಲ್ಲೂ ಮನೆಮನೆ ಹತ್ತಿ ಕೇಳಬೇಕು: ಫಲಕ ಬಂದ ಮೇಲೆ ನಿಮ್ಮ ಕೂಲಿ ಎಲ್ಲಿಗೆ ಹೋಯಿತು, ಕುರಿಗಳು ಈಗ ಎಲ್ಲಿ ಮೇಯುತ್ತಿವೆ?