ಮೋಟಾರು ಬೋಲ್ಟಿನ ಪೂರ್ವಚರಿತ್ರೆ

ಮೋಟಾರು ಗಾಡಿಯ ಚರಿತ್ರೆಯನ್ನು ಬರೆಯುವವರು ಎಂಜಿನ್ನನ್ನು ವರ್ಣಿಸುತ್ತಾರೆ, ವೇಗವನ್ನು ಹೊಗಳುತ್ತಾರೆ. ಆ ಎಂಜಿನ್ನನ್ನು ಬಿಗಿದು ಹಿಡಿದಿರುವ ಬೋಲ್ಟಿನ ಮಾತನ್ನೆತ್ತುವವರು ವಿರಳ. ಆದರೆ ಇಂಗ್ಲೆಂಡಿನ ಹಳೆಯ ಕಾರೊಂದನ್ನು ಬಿಚ್ಚಿ ಮತ್ತೆ ಜೋಡಿಸಹೊರಟವನಿಗೆ ತೊಡಕಾಗುವುದು ಈ ಬೋಲ್ಟೇ. ನೋಟಕ್ಕೆ ಒಂದೇ ತೆರನಾದ ಎರಡರಲ್ಲಿ ಒಂದು ಸಲೀಸಾಗಿ ಕೂರುತ್ತದೆ. ಇನ್ನೊಂದು ಎರಡು ಸುತ್ತು ಹೋಗಿ ನಿಲ್ಲುತ್ತದೆ. ಬಲಾತ್ಕರಿಸಿದರೆ ಎಂಜಿನ್ನಿನ ಎರಕವೇ ಕೆಡುವುದು. ಹೀಗೇಕಾಯಿತೆಂದು ತಿಳಿಯಬೇಕಾದರೆ ನಾವು ಮೋಟಾರು ಹುಟ್ಟುವುದಕ್ಕೂ ಹಿಂದಕ್ಕೆ ಹೋಗಬೇಕು.

ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಒಂದೊಂದು ಕಾರ್ಖಾನೆಗೂ ತನ್ನದೇ ಆದ ತಿರುಪು. ಒಬ್ಬನ ನಟ್ಟು ಇನ್ನೊಬ್ಬನ ಬೋಲ್ಟಿಗೆ ಒಗ್ಗದು. ಲಂಡನ್ನಿನಲ್ಲಿ ಮಾಡ್‌ಸ್ಲೆಯ ಕೈಕೆಳಗೆ ದುಡಿದು ಮ್ಯಾಂಚೆಸ್ಟರಿನಲ್ಲಿ ನೆಲಸಿದ ಜೋಸೆಫ್ ವಿಟ್‌ವರ್ತನು ಹಲವು ಕಾರ್ಖಾನೆಗಳ ಬೋಲ್ಟುಗಳನ್ನು ಕೂಡಿಸಿ, ಅಳೆದು, ಸರಾಸರಿ ತೆಗೆದು, 1841ರಲ್ಲಿ ಒಂದು ಪದ್ಧತಿಯನ್ನು ಮುಂದಿಟ್ಟನು. ಸುತ್ತಿನ ಕೋನ 55 ಡಿಗ್ರಿ. ವ್ಯಾಸಕ್ಕೆ ತಕ್ಕಂತೆ ಅಂಗುಲಕ್ಕೆ ಇಷ್ಟು ಸುತ್ತೆಂಬ ಕಟ್ಟಳೆ. ಇದು ಶಾಸ್ತ್ರದಿಂದ ಹುಟ್ಟಿದ ಆಕೃತಿಯಲ್ಲ, ರೂಢಿಗಳ ನಡುವಣ ರಾಜಿ. ಅದು ಬಾಳಿದುದಕ್ಕೂ ಅದೇ ಕಾರಣವೆಂದು ನಮ್ಮ ಎಣಿಕೆ. ಫಿಲಡೆಲ್ಫಿಯದ ವಿಲಿಯಂ ಸೆಲ್ಲರ್ಸನು 1864ರಲ್ಲಿ, ಈ ದುಂಡು ಅಂಚಿನ ಸುತ್ತನ್ನು ಕೊರೆಯುವುದು ಕಷ್ಟವೆಂದು, 60 ಡಿಗ್ರಿಯ ಚಪ್ಪಟೆ ಅಂಚಿನ ಸುತ್ತನ್ನು ಸೂಚಿಸಿದನು. ಅಮೆರಿಕದ ದಾರಿ ಅಲ್ಲಿಗೆ ಬೇರೆಯಾಯಿತು.

ವಿಟ್‌ವರ್ತನ ಒರಟು ಸುತ್ತು ಸದಾ ಅದುರುವ ಮೋಟಾರಿಗೆ ಸಾಲದಾಯಿತು, ಬೋಲ್ಟು ಸಡಿಲಗೊಳ್ಳುತ್ತಿತ್ತು. ಆದುದರಿಂದ 1908ರಲ್ಲಿ ‘ಬ್ರಿಟಿಷ್ ಸ್ಟ್ಯಾಂಡರ್ಡ್ ಫೈನ್’ ಎಂಬ ನವಿರು ಸುತ್ತು ಬಂದಿತು. ಕಾಲಂಗುಲದ ಬೋಲ್ಟಿಗೆ 20 ಇದ್ದಲ್ಲಿ ಈಗ 26 ಸುತ್ತು. ಕೋನ ಮಾತ್ರ ಹಿಂದಿನ 55 ಡಿಗ್ರಿಯೇ.

ಇದಕ್ಕಿಂತ ಸೋಜಿಗದ್ದು ಮಾರಿಸ್ ಎಂಜಿನ್ನಿನ ಸಂಗತಿ. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ಹಾಚ್‌ಕಿಸ್ ಕಂಪನಿಯು ಮೆಷಿನ್ ಗನ್ನುಗಳ ತಯಾರಿಕೆಗಾಗಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಕಾರ್ಖಾನೆಯನ್ನು ಹೂಡಿತು. ಯುದ್ಧ ಮುಗಿದ ಮೇಲೆ ಅದು ಮಾರಿಸ್ ಕಾರಿಗೆ ಎಂಜಿನ್ ಮಾಡಿಕೊಟ್ಟಿತು. 1923ರಲ್ಲಿ ಮಾರಿಸನೇ ಕಾರ್ಖಾನೆಯನ್ನು ಕೊಂಡನು. ಅಲ್ಲಿನ ಯಂತ್ರಗಳು ಕೊರೆಯುತ್ತಿದ್ದುದು ಮಿಲಿಮೀಟರಿನ ಸುತ್ತು. ಕೊಂಡುಕೊಳ್ಳುವವನ ಪೆಟ್ಟಿಗೆಯಲ್ಲಿದ್ದುದೋ ಇಂಗ್ಲಿಷ್ ಸ್ಪ್ಯಾನರು. ಯಂತ್ರಗಳನ್ನು ಬದಲಿಸುವ ವೆಚ್ಚವೂ ಬೇಡ, ಗಿರಾಕಿಯ ಗೊಣಗಾಟವೂ ಬೇಡವೆಂಬಂತೆ, ಬೋಲ್ಟಿನ ತಲೆಯನ್ನು ವಿಟ್‌ವರ್ತನ ಅಳತೆಗೆ ಇಟ್ಟು ಸುತ್ತನ್ನು ಫ್ರೆಂಚರ ಅಳತೆಯಲ್ಲೇ ಉಳಿಸಿದರು. ವೇಷ ಇಂಗ್ಲಿಷು, ಒಡಲು ಫ್ರೆಂಚು! 1945ರಿಂದ 1949ರ ವರೆಗೆ ತಯಾರಾದ ಎಂ. ಜಿ. ಟಿ. ಸಿ. ಕಾರಿನ ಎಂಜಿನ್ನಿನಲ್ಲಿಯೂ ಇದೇ ಬೋಲ್ಟು. ಸ್ಪ್ಯಾನರು ಕೂತಿತೆಂದು ನಂಬಿ ಪೇಟೆಯ ಇಂಗ್ಲಿಷ್ ಬೋಲ್ಟನ್ನು ತಂದು ತಿರುಗಿಸಿದವನು ಸುತ್ತನ್ನು ಕೆಡಿಸಿಯೇ ತೀರುವನು.

ಎರಡನೆಯ ಮಹಾಯುದ್ಧದಲ್ಲಿ ಈ ಭೇದವು ವಿನೋದವಾಗಿ ಉಳಿಯಲಿಲ್ಲ. ರೋಲ್ಸ್ ರಾಯ್ಸರ ಮರ್ಲಿನ್ ವಿಮಾನ ಎಂಜಿನ್ನನ್ನು ಅಮೆರಿಕದ ಪ್ಯಾಕರ್ಡ್ ಕಂಪನಿ ತಯಾರಿಸಬೇಕಾದಾಗ, ಬ್ರಿಟಿಷ್ ಸುತ್ತುಗಳನ್ನು ಕೊರೆಯುವ ಉಪಕರಣಗಳನ್ನು ಅದು ತಾನೇ ಸಿದ್ಧಪಡಿಸಿಕೊಳ್ಳಬೇಕಾಯಿತು. ಕಡೆಗೆ 1948ರ ನವೆಂಬರ್ 18ರಂದು ಬ್ರಿಟನ್, ಅಮೆರಿಕ, ಕೆನಡಗಳು ವಾಷಿಂಗ್ಟನ್ನಿನಲ್ಲಿ ಏಕೀಕೃತ ಸುತ್ತಿನ ಒಪ್ಪಂದಕ್ಕೆ ರುಜು ಹಾಕಿದುವು. ಕೋನ 60 ಡಿಗ್ರಿ: ಸೆಲ್ಲರ್ಸನದೇ ಗೆಲುವು. ಮುಂದಿನ ದಶಕದಲ್ಲಿ ಇಂಗ್ಲಿಷ್ ಕಾರುಗಳು ಇದಕ್ಕೆ ತಿರುಗಿದುವು. ಆಮೇಲೆ ಮಿಲಿಮೀಟರು ಬಂದು ಇದನ್ನೂ ಹಿಂದಕ್ಕೆ ಸರಿಸಿತು.

ಒಪ್ಪಂದದಿಂದ ಹಳೆಯ ಬೋಲ್ಟುಗಳೇನೂ ಮಾಯವಾಗಲಿಲ್ಲ. ಏಕೀಕೃತ ಪದ್ಧತಿಯ ಒರಟು ಸುತ್ತಿನ ಬೋಲ್ಟು, ಸಾಮಾನ್ಯ ಅಳತೆಗಳಲ್ಲಿ, ಅಂಗುಲಕ್ಕೆ ವಿಟ್‌ವರ್ತನಷ್ಟೇ ಸುತ್ತುಳ್ಳದ್ದು. ಕೋನ ಬೇರೆಯಾದರೂ ಹೇಗೋ ಒಳಹೊಕ್ಕು ಕೂತಂತೆ ತೋರುವುದು. ಅರ್ಧ ಅಂಗುಲದಲ್ಲಿ ಮಾತ್ರ ವಿಟ್‌ವರ್ತನಿಗೆ 12 ಸುತ್ತು, ಅಮೆರಿಕನರಿಗೆ 13. ಅಲ್ಲಿ ಬೋಲ್ಟು ತಾನಾಗಿಯೇ ನಿಲ್ಲುತ್ತದೆ.