ಹುಚ್ಚಾಸ್ಪತ್ರೆಯಿಂದ 14416ರವರೆಗೆ

ಬೆಂಗಳೂರಿನಲ್ಲಿ ಜಗಳ ಜೋರಾದರೆ ಈಗಲೂ ಒಂದು ಮಾತು ಕೇಳಿಬರುತ್ತದೆ: ‘ನಿನ್ನನ್ನ ನಿಮ್ಹಾನ್ಸ್‌ಗೆ ಸೇರಿಸಬೇಕು ನೋಡು!’ ಮಾನಸಿಕ ಆರೋಗ್ಯ ಸಂಸ್ಥೆಯ ಹೆಸರನ್ನೇ ಬಳಸುವ ಈ ಬೈಗುಳದ ಬೇರು ಹಳೆಯದು.

1847ರ ಸುಮಾರಿಗೆ ಇಲ್ಲಿ ಶುರುವಾದದ್ದು ‘ಲುನಾಟಿಕ್ ಅಸೈಲಮ್’, ಮನೆಯಲ್ಲಿ ಇಟ್ಟುಕೊಳ್ಳಲಾಗದವರ ಜಾಗ. ಎದೆ ಡವಡವ ಎನ್ನುವವರು, ಚಿಂತೆಯಲ್ಲಿ ನಿದ್ದೆಗೆಟ್ಟವರು ಅಲ್ಲಿಗೆ ಹೋಗುವ ಮಾತೇ ಇರಲಿಲ್ಲ. ಅವರಿಗೆ ತಾಯಿತ, ಹರಕೆ, ಮಂತ್ರಿಸಿದ ನಿಂಬೆಹಣ್ಣು. 1925ರಲ್ಲಿ ಅದು ಮೆಂಟಲ್ ಹಾಸ್ಪಿಟಲ್ ಆಯಿತು. ಬೋರ್ಡು ಬದಲಾದರೂ ಜನರ ಬಾಯಲ್ಲಿ ಹುಚ್ಚಾಸ್ಪತ್ರೆಯೇ ಉಳಿಯಿತು.

ನಿಜವಾದ ತಿರುವು 1954ರದು. ಆಸ್ಪತ್ರೆಯ ಆವರಣದಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು, ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಮನೋವೈದ್ಯರ ಜತೆಗೆ ಕ್ಲಿನಿಕಲ್ ಸೈಕಾಲಜಿಸ್ಟರೂ ಅಲ್ಲಿ ತರಬೇತಿ ಪಡೆದರು. ರೋಗಿಯನ್ನು ಕೂರಿಸಿಕೊಂಡು ಮಾತಾಡಿಸುವುದೂ ಕಲಿತು ಮಾಡುವ ಚಿಕಿತ್ಸೆ ಎಂದಾಯಿತು. ಇದು ಕಟ್ಟಡ ಕಟ್ಟಿದ್ದಕ್ಕಿಂತ ದೊಡ್ಡ ಕೆಲಸ.

1974ರಲ್ಲಿ ಆಸ್ಪತ್ರೆ, ಸಂಸ್ಥೆ ಎರಡೂ ಸೇರಿ ನಿಮ್ಹಾನ್ಸ್.

1980ರ ದಶಕದಲ್ಲಿ ಸಂಸ್ಥೆಯೇ ಬಳ್ಳಾರಿ ಜಿಲ್ಲೆಗೆ ಹೋಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಮನೋರೋಗ ಗುರುತಿಸುವುದನ್ನು ಕಲಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಪ್ರಯೋಗವೇ ಮಾದರಿ.

2022ರ ಅಕ್ಟೋಬರ್ 10ರಂದು ಬಂದ ಟೆಲಿ ಮಾನಸ್ ಸಹಾಯವಾಣಿಗೂ ನಿಮ್ಹಾನ್ಸೇ ಕೇಂದ್ರ. ಆತಂಕ ಕಾಡುತ್ತಿದ್ದರೆ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.